ದೇವರ ಎತ್ತುಗಳ ತೊಟ್ಟಿ ನೀರು

ಮಾರುತೇಶನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಪರಶುರಾಂಪುರದ ಹತ್ತಿರದ ಹಳ್ಳಿಯವನು. ಮೀಸೆ ಮೂಡುವ ವಯಸ್ಸಿನಲ್ಲೇ ಬೋರ್‌ವೆಲ್ ಲಾರಿ ಹತ್ತಿ ಅನಂತಪುರ, ಕಡಪ, ಧರ್ಮಪುರಿ ಎಂದು ಊರೂರು ತಿರುಗಿದ. ಹೊಲದಲ್ಲಿ ನೀರು ಚಿಮ್ಮಿದರೆ ಮನೆಯವರು ಕಾಯಿ ಒಡೆದು ಇವನ ಕೈಗೂ ಒಂದು ಹೋಳು ಇಡುತ್ತಿದ್ದರು. ಬರೀ ಧೂಳೆದ್ದರೆ ಯಾರೂ ಇವನ ಮುಖ ನೋಡುತ್ತಿರಲಿಲ್ಲ. ವರ್ಷಗಟ್ಟಲೆ ಕಂಪ್ರೆಸರಿನ ಪಕ್ಕದಲ್ಲೇ ನಿಂತು ನಿಂತು ಕಿವಿ ಮಂದವಾಯಿತು. ಒಂದು ದಿನ ಹಿಂದಿನಿಂದ ಕೂಗಿದ್ದು ಕೇಳಿಸದೆ, ಜಾರಿ ಬಿದ್ದ ರಾಡಿನ ಕೆಳಗೆ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ಲಾರಿ ಮಾಲೀಕ ಅವತ್ತೇ ಹೇಳಿಬಿಟ್ಟ: "ಇನ್ನು ನಿನ್ನ ಇಟ್ಕಂಡ್ರೆ ನಿನ್ನ ಹೆಂಡ್ತಿಗೆ ನಾನು ಉತ್ತರ ಕೊಡಬೇಕಾಗ್ತೈತೆ. ಊರಿಗೆ ಹೋಗಪ್ಪಾ."

ಹಾಗೆ ಊರಿಗೆ ಬಂದು ಕೂತವನನ್ನು ಕರೆದುಕೊಂಡು ಹೋದವರು ಜಂಬುಲಿಂಗಪ್ಪ. ಖನಿಜ ಹುಡುಕುವ ಕಂಪನಿಯೊಂದರಲ್ಲಿ ಹಿರಿಯ ಡ್ರಿಲ್ಲರ್ ಆಗಿದ್ದವರು. ಅವರ ಕೆಲಸವೇ ಬೇರೆ ಥರದ್ದು. ಬೋರ್‌ವೆಲ್ ಮಿಷನ್ನು ಬಂಡೆಯನ್ನು ಪುಡಿ ಮಾಡಿ ಊದಿಬಿಡುತ್ತದೆ. ಇಲ್ಲಿ ವಜ್ರದ ಚೂರು ಕೂರಿಸಿದ ಟೊಳ್ಳು ಮೊನೆಯಿಂದ, ಅಂದರೆ ಬಿಟ್‌ನಿಂದ, ಸುತ್ತಲೂ ಕೊರೆದು, ನಡುವಿನ ಕಲ್ಲನ್ನು ಕಬ್ಬಿನ ಜಲ್ಲೆಯ ಹಾಗೆ ಇಡಿಯಾಗಿ ಮೇಲೆ ತರಬೇಕು. ಆ ಕಲ್ಲಿನ ಜಲ್ಲೆಗೆ ಕೋರ್ ಅನ್ನುತ್ತಾರೆ. ನೆಲದೊಳಗೆ ಏನಿದೆ ಎಂದು ಹೇಳುವುದು ಅದೊಂದೇ.

"ನಂಗೆ ಕಿವಿ ಕೇಳಲ್ಲ ಸಾರ್," ಎಂದಿದ್ದ ಮಾರುತೇಶ.

"ನಂಗೂ ಕೇಳಲ್ಲ ಕಣಲೇ. ಈ ಲಿವರ್ ಮ್ಯಾಲೆ ಅಂಗೈ ಇಡು. ಬಂಡೆ ಮೆತ್ತಗೈತಾ, ಗಟ್ಟಿ ಐತಾ, ಒಡೆದೈತಾ, ಎಲ್ಲಾ ಕೈಗೇ ಬರ್ತೈತೆ."

ತಿಂಗಳುಗಟ್ಟಲೆ ಜಂಬುಲಿಂಗಪ್ಪ ತಮ್ಮ ಕೈಯನ್ನು ಇವನ ಕೈಮೇಲಿಟ್ಟೇ ಕೆಲಸ ಕಲಿಸಿದರು. ಒಮ್ಮೆಯೂ ಕಿವುಡ ಅನ್ನಲಿಲ್ಲ. ಅವರು ನಿವೃತ್ತರಾಗುವಾಗ ಕೊರೆಯುವ ಆ ಯಂತ್ರವನ್ನು, ರಿಗ್ಗನ್ನು, ಇವನಿಗೇ ವಹಿಸಿ ಎಂದು ಕಂಪನಿಗೆ ಹೇಳಿ ಹೋದರು. ಮಾರುತೇಶ ಒಡಿಶಾದಲ್ಲಿ ಕೊರೆದ, ರಾಜಸ್ಥಾನದಲ್ಲಿ ಕೊರೆದ. ಹೆಂಡತಿ ಶಶಿರೇಖಾಳಿಗೆ ಅವನು ವರ್ಷಕ್ಕೆ ಎರಡು ಸಲ ಬಂದುಹೋಗುವ ನೆಂಟನಂತಾದ.

ಅದೃಷ್ಟ ಅವನನ್ನು ತಿರುಗಿ ಸ್ವಂತ ಸೀಮೆಗೇ ತಂದು ಬಿಟ್ಟಿತು. ಕೊಂಡ್ಲಹಳ್ಳಿಯಾಚೆ, ಸಿದ್ದಾಪುರದ ಕಡೆಗೆ ಚಾಚಿದ ಒಂದು ಬೋಳು ಗುಡ್ಡದಲ್ಲಿ ಕಂಪನಿಗೆ ತಾಮ್ರದ ಸುಳಿವು ಸಿಕ್ಕಿತ್ತು, ಜೊತೆಗೆ ನಿಕ್ಕಲ್ ಕೂಡ. ಮಾರುತೇಶ ಗುಡ್ಡದ ಮೇಲೆ ಕೊರೆದ ಮೊದಲ ರಂಧ್ರಗಳಲ್ಲಿ ಅದಿರು ಬಂತು. ಆಮೇಲೆ ತೆಳ್ಳಗಾಯಿತು. ಕೊನೆಗೆ ಬರೀ ಬಂಡೆ. ಇನ್ನೊಂದು ರಂಧ್ರ ನೋಡಿ, ಸಿಗದಿದ್ದರೆ ಗಂಟುಮೂಟೆ ಕಟ್ಟಿ ಎಂದು ಮೇಲಿನಿಂದ ಮಾತು ಬಂತು.

ಶಿಬಿರದ ಭೂವಿಜ್ಞಾನಿ ಪ್ರೇಮಲತಾ ಎರಡು ದಿನ ಕೋರ್ ಪೆಟ್ಟಿಗೆಗಳ ನಡುವೆಯೇ ಕೂತಿದ್ದಳು. ಆಮೇಲೆ ಮಾರುತೇಶನನ್ನು ಗುಡ್ಡದ ನೆತ್ತಿಗೆ ಕರೆದುಕೊಂಡು ಹೋಗಿ ಪಡುವಣಕ್ಕೆ ಕೈ ತೋರಿಸಿದಳು. "ಅದಿರು ಮುಗಿದಿಲ್ಲ ಮಾರುತೇಶಣ್ಣ. ಗುಡ್ಡ ಬಿಟ್ಟು ಆ ಕಡೆ ಇಳಿದು ಹೋಗೈತೆ ಅನ್ಸುತ್ತೆ. ಆ ಬೇಲಿ ಕಾಣ್ತೈತಲ್ಲ, ಅದರ ಕೆಳಗೆ."

ಅವಳು ತೋರಿಸಿದ್ದು ದೇವರ ಎತ್ತುಗಳ ರೊಪ್ಪವನ್ನು. ಮುಳ್ಳುಬೇಲಿಯ ದೊಡ್ಡಿ ಅದು, ಒಳಗೆ ಎತ್ತುಗಳು ಕುಡಿಯಲು ಒಂದು ನೀರಿನ ತೊಟ್ಟಿ. ಕುಲದೇವರಿಗೆ ಬಿಟ್ಟ ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ, ಯಾರೂ ಅವನ್ನು ಮಾರುವುದಿಲ್ಲ. ನೋಡಿಕೊಳ್ಳುವ ಕಿಲಾರಿ ದೊಡ್ಡಪಾಲಯ್ಯ ಎಂಬ ಮುದುಕ. ರೊಪ್ಪದೊಳಕ್ಕೆ ಅವನು ತಾನೂ ಚಪ್ಪಲಿ ಮೆಟ್ಟಿ ಹೋಗುವವನಲ್ಲ.

ಇಬ್ಬರೂ ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬೇಲಿಯ ಹೊರಗೆ ನಿಂತು ಮಾತಾಡಿಸಿದರು. ರೊಪ್ಪವನ್ನು ಒಂದು ತಿಂಗಳ ಮಟ್ಟಿಗೆ ಆಚೆ ಸರಿಸಬಹುದೇ ಎಂದು ಕೇಳಿದರು.

"ಆಗಕಿಲ್ಲಮ್ಮ," ಅಂದ ದೊಡ್ಡಪಾಲಯ್ಯ. ಸಿಟ್ಟಿನಿಂದಲ್ಲ, ಆಗದ ಮಾತನ್ನು ಹೇಳುವ ಹಾಗೆ. "ನಮ್ಮ ತಾತನ ಕಾಲದಿಂದ ಎತ್ತು ಇಲ್ಲೇ ಮಲಗ್ತವೆ. ಮಿಷನ್ ಬಂತು ಅಂತ ಎಬ್ಬಿಸಲಾ?"

ಪ್ರೇಮಲತಾ ವಾದ ಮಾಡಲಿಲ್ಲ. "ಬ್ಯಾಡ ಬಿಡಿ ಅಜ್ಜ," ಎಂದವಳೇ ಹೊಸ ಲೆಕ್ಕ ಹಾಕಿದಳು. ರಿಗ್ಗನ್ನು ದೂರದ ಕಲ್ಲುಬಯಲಲ್ಲಿ ನಿಲ್ಲಿಸಿ, ಅಲ್ಲಿಂದ ಓರೆಯಾಗಿ ಕೊರೆದು ರೊಪ್ಪದ ಅಡಿಗೆ, ಎತ್ತುಗಳಿಗೆ ಗೊತ್ತೇ ಆಗದಷ್ಟು ಆಳಕ್ಕೆ ಹೋಗುವುದು. ದಾರಿ ಉದ್ದ, ನಡುವೆ ಒಡಕು ಬಂಡೆ. ಮಾರುತೇಶನಿಗೆ ಒಳಗೇ ಅಳುಕು. ಆದರೂ ಆ ಹುಡುಗಿ ಮುದುಕನ ಮಾತಿಗೆ ಕೊಟ್ಟ ಬೆಲೆ ಅವನಿಗೆ ಹಿಡಿಸಿತು. "ಹೊಡೆಯೋಣ ಮೇಡಂ," ಅಂದ.

ಶುರುವಿನ ದಿನಗಳು ಸಲೀಸಾಗಿಯೇ ಹೋದವು. ಕೊರೆಯುವ ಬಿಟ್ ಒಡಕು ಬಂಡೆಗೆ ಇಳಿದ ದಿನ ಕಷ್ಟ ಶುರುವಾಯಿತು. ಕೊರೆಯುವಾಗ ರಾಡಿನೊಳಗೆ ಬಿಟ್ಟ ನೀರು ಕಲ್ಲಿನ ನುಣ್ಣನೆ ಪುಡಿಯನ್ನು ಹೊತ್ತು ತಿರುಗಿ ಮೇಲೆ ಬರಬೇಕು. ಅವತ್ತು ಬರಲಿಲ್ಲ, ಬಂಡೆಯ ಬಿರುಕು ಎಲ್ಲವನ್ನೂ ಕುಡಿಯತೊಡಗಿತು. ರಿಗ್ಗಿನ ಪಕ್ಕ ನೀರು ತುಂಬಿಟ್ಟಿದ್ದ ಹೊಂಡದ ತಳ ನೋಡನೋಡುತ್ತ ಕಂಡಿತು. ನೀರು ನಿಂತರೆ ಕಲ್ಲುಪುಡಿ ಕೂತು ರಾಡೆಲ್ಲ ನೆಲದೊಳಗೇ ಕಚ್ಚಿಕೊಳ್ಳುತ್ತದೆ, ರಂಧ್ರ ಸತ್ತಂತೆ. ಇನ್ನೊಂದಕ್ಕೆ ಕಂಪನಿ ಒಪ್ಪುವುದಿಲ್ಲ.

ಟ್ಯಾಂಕರ್ ಓಡಿಸುವ ಮಲ್ಲಿಕ್‌ಗೆ ಫೋನ್ ಮಾಡಿದರೆ ಅವನು ಚಳ್ಳಕೆರೆಯಲ್ಲಿ ಸಿಕ್ಕಿಬಿದ್ದಿದ್ದ. "ಆಕ್ಸಲ್ ಮುರಿದೈತೆ ಅಣ್ಣಾ! ಮೆಕ್ಯಾನಿಕ್ ಮುಂದೆ ಕೂತೀನಿ!"

ಮಾರುತೇಶ ಲಿವರ್ ಮೇಲಿಟ್ಟ ಕೈಯನ್ನು ಎತ್ತಲಿಲ್ಲ. ಅಂಗೈಗೆ ರಾಡು ಬಿಗಿಯುತ್ತಿರುವುದು ಗೊತ್ತಾಗುತ್ತಿತ್ತು. ಪ್ರೇಮಲತಾ ಸುತ್ತ ಇದ್ದ ಹೊಲದವರಿಗೆಲ್ಲ ಫೋನ್ ಮಾಡುತ್ತಿದ್ದಳು. ಕರೆಂಟಿಲ್ಲ, ಮೋಟರ್ ಓಡುವುದಿಲ್ಲ ಅನ್ನುತ್ತಿದ್ದರು ಎಲ್ಲರೂ.

ಎತ್ತುಗಳು ಮೇಯಲು ಹೋಗಿದ್ದ ಹೊತ್ತು. ರೊಪ್ಪದ ಬೇಲಿ ಸರಿಮಾಡುತ್ತಿದ್ದ ದೊಡ್ಡಪಾಲಯ್ಯ ಇವರ ಓಡಾಟ ಕಂಡು ಕೋಲೂರಿಕೊಂಡು ಬಂದು, ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದ. "ಏಮಯ್ಯಾ, ಏನಾಯ್ತು?"

ಮಾರುತೇಶ ಹೇಳಿದ. ಮುದುಕ ಹೊಂಡದ ತಳ ನೋಡಿದ, ಇವನ ಮುಖ ನೋಡಿದ.

"ನಮ್ಮ ತೊಟ್ಟಿ ತುಂಬೈತೆ. ಪೈಪ್ ಹಾಕ್ಕೊಳ್ರಿ."

"ಬ್ಯಾಡ ಯಜಮಾನ್ರೆ. ಅದು ದೇವರ ಎತ್ತಿನ ನೀರು."

"ಎತ್ತು ಬರೋದು ಹೊತ್ತು ಮುಳುಗೋ ವ್ಯಾಳ್ಯಾಕೆ. ಅಷ್ಟ್ರಾಗೆ ತುಂಬಿಸ್ತೀಯಾ?"

ಮಾರುತೇಶ ಚಳ್ಳಕೆರೆಯ ದಾರಿಯತ್ತ ನೋಡಿದ. ಸುಳ್ಳು ಮಾತು ಕೊಟ್ಟಂತಾದರೆ? ಮುದುಕನೇ ಮುಂದೆ ಮಾತಾಡಿದ: "ನಮ್ಮ ರೊಪ್ಪ ಬಿಟ್ಟು, ಅಷ್ಟು ದೂರ ಹೋಗಿ, ಈಟು ಕಷ್ಟ ಬೀಳ್ತಿದೀರಿ. ನಾನು ದಿನಾ ನೋಡ್ತೀನಿ ಅಬ್ಬಾಯಿ. ನೀರೇನು, ನಾಳೆನೂ ಬರ್ತೈತೆ. ಹಾಕ್ಕೊ."

ಪೈಪು ಎಳೆದರು. ತೊಟ್ಟಿಯ ನೀರು ರಾಡಿನೊಳಗೆ ಇಳಿಯಿತು. ಬಿಗಿದಿದ್ದ ರಾಡು ಅಂಗೈಯಡಿ ಒಮ್ಮೆ ನಡುಗಿ, ಹಗುರವಾಗಿ, ತಿರುಗತೊಡಗಿತು. ಬಿರುಕಿಗೆ ಸಿಮೆಂಟು ಹಾಕಿ ಮುಚ್ಚಲು ಬೇಕಾದಷ್ಟು ಪುರುಸೊತ್ತು ಆ ನೀರಿನಿಂದ ಸಿಕ್ಕಿತು. ರಾಡೆಲ್ಲ ಸುರಕ್ಷಿತವಾಗಿ ಮೇಲೆ ಬರುವ ಹೊತ್ತಿಗೆ ತೊಟ್ಟಿಯಲ್ಲಿ ಪಾಚಿ ಮಾತ್ರ ಉಳಿದಿತ್ತು.

ಹೊತ್ತು ಇಳಿಯುತ್ತಿತ್ತು. ಮಾರುತೇಶ ಮಲ್ಲಿಕ್‌ಗೆ ಮತ್ತೆ ಫೋನ್ ಮಾಡಿ, ಎತ್ತಿನ ತೊಟ್ಟಿ ಬರಿದಾದ ಕಥೆ ಹೇಳಿದ. "ಫಿಕರ್ ಮಾಡಬ್ಯಾಡ ಅಣ್ಣಾ. ನನ್ನ ಗಾಡಿ ಸಾಯ್ಲಿ, ಬ್ಯಾರೆ ತರ್ತೀನಿ."

ಯಾರ ಕೈಕಾಲು ಹಿಡಿದನೋ, ಯಾರ ಟ್ರ್ಯಾಕ್ಟರೋ, ಮಲ್ಲಿಕ್ ಬಿಸಿಲು ಕೆಂಪಾಗುವ ಹೊತ್ತಿಗೆ ಧೂಳೆಬ್ಬಿಸಿಕೊಂಡು ಬಂದೇಬಿಟ್ಟ. ರಿಗ್ಗಿನ ಹುಡುಗರು ಹೊಂಡದ ಕಡೆ ಕೈ ಬೀಸಿದರೂ ಟ್ಯಾಂಕರನ್ನು ನೇರ ರೊಪ್ಪಕ್ಕೆ ತಿರುಗಿಸಿದ. ಚಪ್ಪಲಿ ಕಳಚಿಟ್ಟು, ಪೈಪನ್ನು ತಾನೇ ಹಿಡಿದು ತೊಟ್ಟಿ ತುಂಬಿಸಿದ. ನೀರು ಅಂಚಿಗೆ ಬರುವಾಗ ಹುಲ್ಲುಗಾವಲಿನ ಆಚೆ ಎತ್ತುಗಳ ಕೊರಳ ಗಂಟೆ ಕೇಳಿಸಿತಂತೆ. ಮಾರುತೇಶನಿಗೆ ಅದು ಕೇಳಿಸಲಿಲ್ಲ. ಕಂಡದ್ದು ಮಾತ್ರ: ಸಾಲಾಗಿ ಬಂದ ಬಿಳಿ ಎತ್ತುಗಳು ಒಂದೊಂದಾಗಿ ಮೂತಿ ಇಳಿಸಿ ಕುಡಿದದ್ದು. ಅವನ ಕಣ್ಣು ತುಂಬಿ ಬಂತು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಒರೆಸಿಕೊಂಡ. ದೊಡ್ಡಪಾಲಯ್ಯ ನೋಡಿಯೂ ನೋಡದವನಂತೆ ಎತ್ತುಗಳ ಬೆನ್ನು ತಟ್ಟುತ್ತಿದ್ದ.

ಮುಂದಿನ ವಾರ ರೊಪ್ಪದ ಅಡಿಯ ಕೋರ್ ಮೇಲೆ ಬಂತು. ಪೆಟ್ಟಿಗೆಗೆ ಹಾಕುವಾಗಲೇ ಭಾರ ಬೇರೆ ಅನಿಸಿತು. ತೊಳೆದರೆ ಕಪ್ಪು ಕಲ್ಲಿನ ತುಂಬ ಹಿತ್ತಾಳೆ ಹೊಳಪು, ಅದರ ನಡುನಡುವೆ ಮಂಕು ಕಂಚಿನ ಬಣ್ಣ. ಪ್ರೇಮಲತಾ ಜೇಬಿನಿಂದ ಚಿಕ್ಕ ಅಯಸ್ಕಾಂತ ತೆಗೆದು ಹಿಡಿದಳು. ಅದು ಕಲ್ಲಿಗೆ ಟಪ್ಪನೆ ಅಂಟಿಕೊಂಡಿತು.

"ಹಳದಿ ಕಾಣೋದು ತಾಮ್ರದ್ದು. ಅಯಸ್ಕಾಂತ ಹಿಡಿಯೋದು ಈ ಕಂಚಿನ ಬಣ್ಣದ್ದು, ಅದರ ಜೊತೆಗೇ ನಿಕ್ಕಲ್ ಇರುತ್ತೆ. ಲ್ಯಾಬಿನವರು ಹೇಳೋವರೆಗೂ ಕುಣೀಬಾರ್ದು," ಎಂದವಳು ತಾನೇ ಎರಡು ಹೆಜ್ಜೆ ಕುಣಿದಳು.

ಲ್ಯಾಬಿನವರೂ ಹೌದೆಂದರು. ಅದಿರು ಗುಡ್ಡದಿಂದ ಪಡುವಣಕ್ಕೆ ಚಾಚಿದೆ, ಆಳಕ್ಕೆ ಹೋದಂತೆ ದಪ್ಪವಾಗಿದೆ ಎಂದು ಗೊತ್ತಾಯಿತು. ಅದರ ತುದಿ ಎಲ್ಲಿದೆಯೆಂದು ತಿಳಿಯಲು ಇನ್ನೂ ಹಲವು ರಂಧ್ರ ಕೊರೆಯಬೇಕು. ಗಂಟುಮೂಟೆ ಕಟ್ಟುವ ಮಾತು ನಿಂತಿತು.

ಸುದ್ದಿ ತಿಳಿಸಲು ಇಬ್ಬರೂ ರೊಪ್ಪಕ್ಕೆ ಹೋದಾಗ ದೊಡ್ಡಪಾಲಯ್ಯ ನೆಟ್ಟಗೆ ಕೇಳಿದ: "ಗಣಿ ಮಾಡ್ತೀರೇನಮ್ಮ? ನಮ್ಮ ರೊಪ್ಪ ಹೋಗ್ತೈತಾ?"

"ಗೊತ್ತಿಲ್ಲ ಅಜ್ಜ," ಅಂದಳು ಪ್ರೇಮಲತಾ. "ಇದು ಬರೀ ಹುಡುಕಾಟ. ಗಣಿ ಆಗೋದಾದ್ರೆ ವರ್ಷಗಟ್ಟಲೆ ಬೇಕು, ಆಗದೇನೂ ಇರಬಹುದು. ಆಗಲ್ಲ ಅಂತ ಸುಳ್ಳು ಹೇಳಲ್ಲ. ಇಲ್ಲಿ ರೊಪ್ಪ ಐತೆ, ಎತ್ತು ಅವೆ, ನೀವು ಐದೀರಿ ಅಂತ ನನ್ನ ವರದಿಯಲ್ಲಿ ಬರೀತೀನಿ. ಅದೊಂದು ನನ್ನ ಕೈಯಾಗೈತೆ."

"ಸರೇ. ಇದ್ದಿದ್ದು ಹೇಳಿದ್ಯಲ್ಲ, ಅಷ್ಟು ಸಾಕು," ಅಂದ ಮುದುಕ.

ಕೆಲಸ ಮುಂದುವರಿದದ್ದರಿಂದ ಮಾರುತೇಶನಿಗೆ ಸಿಕ್ಕಿದ್ದು ದೊಡ್ಡದು. ಈಗ ವಾರಕ್ಕೊಮ್ಮೆ ಬೈಕ್ ಹತ್ತಿ ಮನೆಗೆ ಹೋಗುತ್ತಾನೆ. ಶಶಿರೇಖಾ ಅವನ ಬಲಗಡೆಗೇ ಕೂತು ಮಾತಾಡುತ್ತಾಳೆ, ಎಡಗಡೆ ಕೂತರೆ ವ್ಯರ್ಥ. ತೊಟ್ಟಿಯ ಕಥೆಯನ್ನು ಅವಳು ಎರಡು ಮೂರು ಸಲ ಕೇಳಿಸಿಕೊಂಡಳು. "ಆ ಯಜಮಾನ್ರಿಗೆ ಏನು ಕೊಟ್ಟೆ ನೀನು?" ಅಂದಳು.

"ಅವರು ಏನೂ ತಗಳಲ್ಲ ಕಣೆ."

"ಅವರಿಗ್ಯಾಕೆ? ಎತ್ತು ತಿಂತಾವಲ್ಲ."

ಶೇಂಗಾ ಕಿತ್ತ ಕಾಲ ಅದು. ಕಾಯಿ ಬಿಡಿಸಿದ ಬಳ್ಳಿಯನ್ನು ಇಬ್ಬರೂ ಸೇರಿ ಟ್ರ್ಯಾಕ್ಟರ್ ತುಂಬ ಒಟ್ಟಿದರು. ಅಕ್ಕಪಕ್ಕದ ಹೊಲದವರು ಯಾರಿಗೆ ಎಂದು ಕೇಳಿ, ತಾವೂ ಒಂದೊಂದು ಹೊರೆ ಎಸೆದರು. ರೊಪ್ಪದ ಮುಂದೆ ಇಳಿಸುವಾಗ ದೊಡ್ಡಪಾಲಯ್ಯ ಬಂದು, ಬಳ್ಳಿಯ ಎಸಳೊಂದನ್ನು ಕೈಯಲ್ಲಿ ಹೊಸಕಿ ಮೂಸಿ ನೋಡಿದ. "ಒಳ್ಳೆ ಮೇವು ತಂದೀಯ," ಎಂದಷ್ಟೇ ಹೇಳಿ, ಬೇಲಿಯ ಹೊರಗಿನ ತುಗ್ಲಿ ಮರದ ನೆರಳಿಗೆ ಇಬ್ಬರನ್ನೂ ಕರೆದು ಕೂರಿಸಿದ. ತನ್ನ ಬುತ್ತಿ ಬಿಚ್ಚಿ ರೊಟ್ಟಿಯನ್ನು ಮೂರು ಪಾಲು ಮಾಡಿದ. ದೊಡ್ಡ ಪಾಲನ್ನು ಶಶಿರೇಖಾಳ ಕೈಗಿಟ್ಟು, "ತಿನ್ನಮ್ಮ, ದೂರದಿಂದ ಬಂದೀಯ," ಅಂದ.