ಹಾಡಿ ಬಿತ್ತಿದ ನೆಗೆಣ್ಣಿ

ನನ್ನ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ಬಲಗೈ ಹೆಬ್ಬೆರಳಿನ ಬದಿಗೆ ಕಡಲೆಕಾಳಿನಷ್ಟು ಒಂದು ಗಂಟು ಬಿದ್ದಿತ್ತು. ಬೀಜದ ಗಂಟು ಅದು. ಮುಷ್ಟಿ ತುಂಬ ಜೋಳ ಹಿಡಿದು, ಹೆಬ್ಬೆರಳಿನಿಂದ ಕಾಳು ಜಾರಿಸುತ್ತ ಬಿತ್ತುವ ಕೂರಿಗೆಯ ಬಟ್ಟಲಿಗೆ ಬಿಡುವ ಹೆಂಗಸರ ಕೈಗೆ ವರ್ಷ ಕಳೆದಂತೆ ಬರುವಂಥದ್ದು. ನಾನು ಹೇಳಹೊರಟ ದಿನ ಆ ಗಂಟು ಇನ್ನೂ ಮೂಡಿರಲಿಲ್ಲ.

ಆ ದಿನ ಕೊಳಕೂರಿನ ನಮ್ಮ ಕಪ್ಪು ಮಣ್ಣಿನ ಎರೆಹೊಲದಲ್ಲಿ ಮನೆಮಂದಿಯೆಲ್ಲ ಇದ್ದೆವು. ಕೂರಿಗೆ ಹಿಡಿದವರು ಭಾವ, ಅಂದರೆ ನೆಗೆಣ್ಣಿಯ ಗಂಡ. ಎತ್ತಿನ ಮುಂದೆ ಮಾವ. ಬೀಜ ಬಿಡಬೇಕಾದ ಅತ್ತೆ ಬದುವಿನ ಮೇಲೆ ಕೂತು, ಚೇಳು ಕಚ್ಚಿ ಬಾತ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನರಳುತ್ತಿದ್ದರು. ನಾನು ನರೋಣಾದಿಂದ ಬಂದ ಹೊಸ ಸೊಸೆ, ಬೀಜ ಬಿಡುವ ಕೈ ನನಗೆ ಪಳಗಿರಲಿಲ್ಲ. ಉಳಿದಾಕೆ ನೆಗೆಣ್ಣಿ ಒಬ್ಬಳೇ. ಅಫಜಲಪುರದ ತವರಿನಲ್ಲಿ ಚಿಕ್ಕಂದಿನಲ್ಲೇ ಬೀಜ ಬಿಡಲು ಕಲಿತವಳು. ಆದರೆ ಆಕೆಯ ಕೈಗೆ ಬೀಜ ಕೊಡಲು ಮಾವನಿಗೆ ಮನಸ್ಸಿಲ್ಲ, ಯಾಕೆಂದರೆ ಆಕೆಗೆ ದನಿಗಳು ಕೇಳುತ್ತಿದ್ದವು.

ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು. ದನಿ ಕೇಳುವವರಿಗೆ ನಮ್ಮ ಕಡೆ ಇದ್ದದ್ದು ಒಂದೇ ಹೆಸರು: ಗಾಳಿ ಬಡಿದವರು. ಆಕೆ ಮಾತ್ರ ಮುಚ್ಚಿಟ್ಟುಕೊಂಡವಳಲ್ಲ. ನಾನು ಮನೆಗೆ ಬಂದ ಹೊಸದರಲ್ಲೇ ಬಾವಿಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದ್ದಳು.

"ಹೆದರಬ್ಯಾಡ ತಂಗಿ. ಇಬ್ಬರು ಗಂಡಸರು, ಒಬ್ಬಾಕಿ ಮುದುಕಿ. ನಾ ಕೊಡ ಇಳಿಸಿದ್ರ 'ನೋಡ, ಕೊಡ ಇಳಿಸಿದ್ಲು' ಅಂತಾವ. ಹಗ್ಗ ಜಗ್ಗಿದ್ರ 'ಜಗ್ಗಾಕ ಬರಂಗಿಲ್ಲ ರಂಡಿಗಿ' ಅಂತಾವ. ಆ ಮುದುಕಿ ಭಾಳ ಹೊಲಸ ಬಾಯಿ."

"ನಿನಗ ಸಿಟ್ಟ ಬರಂಗಿಲ್ಲೇನಕ್ಕಾ?"

"ಬರ್ತದ. ಮನಿಯಾಗ ಒಬ್ಬಾಕಿ ಅತ್ತಿ ಸಾಲಂಗಿಲ್ಲಂತ ತೆಲಿಯಾಗೂ ಒಬ್ಬಾಕಿನ್ನ ಕೂಡಿಸ್ಯಾನ ದೇವರು!"

ನಾನು ನಕ್ಕೆ. ಆಕೆಯೂ ನಕ್ಕಳು. ಆದರೆ ದನಿಗಳ ಕಾಟ ಏರಿದ ದಿನ ಆಕೆ ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿ ಕೂತುಬಿಡುತ್ತಿದ್ದಳು. ಉಣ್ಣುತ್ತಿರಲಿಲ್ಲ, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದನ್ನು ಕಂಡವರಿಗೆ ನಗು ಬರುವಂತಿರಲಿಲ್ಲ.

ಊರ ಹೆಂಗಸರು ಇದರಲ್ಲೂ ಲಾಭ ಹುಡುಕಿದರು. ಆಚೆ ಓಣಿಯ ಒಬ್ಬಾಕೆ ಕಾಯಿ ಕರ್ಪೂರ ಹಿಡಿದು ಬಂದು ಅಂಗಳದಲ್ಲಿ ಅಡ್ಡಬಿದ್ದಳು. "ಯವ್ವಾ, ನಮ್ಮ ಎಮ್ಮಿ ಕಳದದ. ಎಲ್ಲಿ ಅದ ಅಂತ ಅವನ್ನ ಜರಾ ಕೇಳ." ನೆಗೆಣ್ಣಿ ಸೊಂಟಕ್ಕೆ ಕೈ ಇಟ್ಟು ನಿಂತಳು. "ಅವು ನನ್ನ ಬೈಯಾಕ ಬರ್ತಾವ ಬೇ, ನಿನ್ನ ಎಮ್ಮಿ ಕಾಯಾಕಲ್ಲ. ಏಳ, ಹಳ್ಳದ ಕಡಿ ಹೋಗಿ ಹುಡುಕ." ಎಮ್ಮೆ ಹಳ್ಳದಲ್ಲೇ ಸಿಕ್ಕಿತು. ಮರುದಿನ ಅಂಗಳದಲ್ಲಿ ನಾಲ್ಕೈದು ಕಾಯಿಗಳು! ಆಕೆ ಎಲ್ಲವನ್ನೂ ತಿರುಗಿ ಕಳಿಸಿದಳು. "ದೇವರಾಗೂದು ಬ್ಯಾಡ, ದೆವ್ವ ಆಗೂದು ಬ್ಯಾಡ. ನಾ ಈ ಮನಿ ಸೊಸಿ, ಅಷ್ಟ ಸಾಕು" ಎಂದಳು.

ಆಕೆಗೆ ಗೊತ್ತಿದ್ದ ಮದ್ದು ಬೀಸುಕಲ್ಲು. ಬೇಕಾದದ್ದಕ್ಕಿಂತ ಹೆಚ್ಚು ಬೀಸುತ್ತಿದ್ದಳು. "ಏನ ಬೇ, ಊರ ಮದಿವಿಗಿ ಬೀಸಾಕತ್ತೀ?" ಎಂದು ಅತ್ತೆ ಗದರುತ್ತಿದ್ದರು. ಗುಟ್ಟು ಕಲ್ಲಿನದಲ್ಲ, ಹಾಡಿನದು. "ನನ್ನ ಬಾಯಿ ನಡದ್ರ ಅವುಗಳ ಬಾಯಿ ಬಂದ್" ಎಂದು ನನಗೊಮ್ಮೆ ಹೇಳಿದ್ದಳು.

ಈಗ ಡಾಕ್ಟರನಾಗಿರುವ ನನ್ನ ಮೊಮ್ಮಗ ಇದನ್ನು ಕೇಳಿ ಬಹಳ ಹೊತ್ತು ವಿವರಿಸಿದ. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯಲ್ಲಿ ಹೀಗೆ ದನಿಗಳು ಕೇಳುವುದುಂಟಂತೆ. ನಮ್ಮ ಮಿದುಳಿನಲ್ಲಿ ಸದಾ ಸಣ್ಣ ವಿದ್ಯುತ್ತಿನ ಅಲೆಗಳು ಏಳುತ್ತವೆ, ತಲೆಗೆ ತಂತಿ ಅಂಟಿಸಿ ಅವನ್ನು ನೋಡಬಹುದು. ನಾವು ಮಾತಾಡುವಾಗ ಮಿದುಳು ತನ್ನ ಕೇಳುವ ಭಾಗಕ್ಕೆ 'ಇದು ನನ್ನದೇ ಮಾತು' ಎಂದು ಮುಂಚಿತವಾಗಿ ಸುದ್ದಿ ಮುಟ್ಟಿಸುತ್ತದಂತೆ. ಕೆಲವರಲ್ಲಿ ಆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ, ಒಳಗಿನ ಮಾತು ಹೊರಗಿನವರ ದನಿಯಾಗಿಬಿಡುತ್ತದೆ ಎಂದು ತಿಳಿದವರು ಹೇಳುತ್ತಾರಂತೆ. ಹಾಡಿದರೆ, ಗುನುಗಿದರೆ ಕೆಲವರಿಗೆ ಕಾಟ ತಗ್ಗುತ್ತದೆ. ಈಗ ಔಷಧವೂ ಇದೆ. ಆಗ ಇದ್ದದ್ದು ಕಂಬ.

ಭೀಮಾ ನದಿಯಾಚೆಯ ಒಂದೂರಿನಲ್ಲಿ ಇಂಥವರನ್ನು ಕಂಬಕ್ಕೆ ಸರಪಳಿ ಹಾಕಿ ಬಿಡುತ್ತಿದ್ದರು, ಗಾಳಿ ಬಿಡುವವರೆಗೆ. ಮಾವ ಕೆಟ್ಟವರಲ್ಲ, ಸೊಸೆ ನೆಟ್ಟಗಾಗಲಿ ಎಂಬ ಆಸೆಯಿಂದಲೇ ಆ ಮಾತು ಎತ್ತಿದ್ದರು. "ಹಿಂಗಾರಿ ಬಿತ್ತಿಗಿ ಮುಗೀಲಿ, ಗಾಡಿ ಕಟ್ಟತೇನಿ" ಎಂದಿದ್ದರು. ಭಾವ ತಲೆ ತಗ್ಗಿಸಿ ಕೂತಿದ್ದರು. ಅಪ್ಪನ ಎದುರು ಅವರು ದನಿ ಎತ್ತಿದವರೇ ಅಲ್ಲ.

ಅಂಥ ಹೊತ್ತಿನಲ್ಲಿ ಅತ್ತೆಗೆ ಚೇಳು ಕಚ್ಚಿತು. ಹೊಲದ ಹದ ಆರುತ್ತಿತ್ತು, ಇನ್ನೊಂದು ದಿನ ತಡೆದರೆ ಬೀಜ ಮಣ್ಣುಪಾಲು. ಮಾವ ಬೇರೆ ದಾರಿ ಕಾಣದೆ ನೆಗೆಣ್ಣಿಯ ಉಡಿಗೆ ಬೀಜ ಸುರಿದರು. "ಬಾಯಿ ಕಟ್ಟಿ ಬಿತ್ತಬೇಕು, ತಿಳೀತಿಲ್ಲೋ?" ಎಂದರು. ಅದು ನಮ್ಮ ಮನೆಯ ಪದ್ಧತಿ. ಬೀಜ ಬಿಡುವಾಕೆ ತುಟಿ ಬಿಚ್ಚಬಾರದು, ಬಿಚ್ಚಿದರೆ ಭೂಮಿತಾಯಿ ಮುನಿಯುತ್ತಾಳೆ ಎಂದು ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು.

ಆಕೆ ತುಟಿ ಕಚ್ಚಿ ಮೊದಲ ಸಾಲು ಹಿಡಿದಳು. ಅರ್ಧ ಹೊಲ ದಾಟುವಷ್ಟರಲ್ಲಿ ಆಕೆಯ ಹಣೆ ಬೆವೆತಿತು. ಕೂರಿಗೆ ಮುಂದೆ ಹೋಗುತ್ತಿದೆ, ಮುಷ್ಟಿ ಬಿಗಿದೇ ಇದೆ. ಒಮ್ಮೆ ಕಾಳು ಬೀಳುತ್ತದೆ, ಒಮ್ಮೆ ಇಲ್ಲ. ತಿರುಗಿ ಬರುವಾಗಲೂ ಹಾಗೆಯೇ. ಕೊನೆಗೆ ಆಕೆ ನಿಂತೇಬಿಟ್ಟಳು.

"ಬೀಜ ಎಲ್ಲಿ ಬೇ?" ಮಾವ ಕೂಗಿದರು.

"ಬಂದಾವ್ರಿ, ಮೂರೂ ಕೂಡಿ ಒದರಾಕತ್ತಾವ. ಹಾಡ್ಲೇನ್ರಿ ಮಾವಾ? ಹಾಡಿದ್ರ ಬರೋಬ್ಬರಿ ಬಿಡ್ತೇನಿ."

"ಬೀಜದ ಮುಂದ ಹಾಡೇನು? ಹೊಲ ಹಾಳ ಮಾಡಬೇಕಂತ ಮಾಡೀಯೇನು?"

ಭಾವ ಕೂರಿಗೆಯ ಮೇಳಿಯ ಮೇಲಿಂದ ಕೈ ತೆಗೆಯಲಿಲ್ಲ. ಅಪ್ಪನ ಕಡೆ ನೋಡಲೂ ಇಲ್ಲ. "ಹಾಡ" ಎಂದರು, ಹೆಂಡತಿಗೆ.

ಮಾವ ಎತ್ತಿನ ಹಗ್ಗ ಹಿಡಿದೇ ಮಗನ ಕಡೆ ತಿರುಗಿದರು. ಬದುವಿನಿಂದ ಅತ್ತೆ, "ಹದ ಆರಾಕತ್ತದ, ಹೊಡೀರಿನ್ನ ಎತ್ತ!" ಎಂದು ಚೀರಿದರು. ಎತ್ತುಗಳು ಮುಂದೆ ನಡೆದವು. ನೆಗೆಣ್ಣಿ ದನಿ ತೆಗೆದಳು, ತಾನೇ ಕಟ್ಟಿದ ಹಾಡು:

"ಬೈಯೋರು ಬೈಯಲಿ ಬಿತ್ತೋರು ಬಿತ್ತಲಿ
ಕಪ್ಪ ನೆಲದವ್ವ ಕೈ ಹಿಡಿಯ, ಬೈಗಳ
ಬಿಳಿಜ್ವಾಳಾಗಿ ಬರಲವ್ವ."

ಹಾಡು ಎತ್ತಿನ ಹೆಜ್ಜೆಗೆ ಕೂಡಿತು, ಹೆಬ್ಬೆರಳು ಹಾಡಿಗೆ ಕೂಡಿತು. ಪಕ್ಕದ ಹೊಲದವರು ಕೆಲಸ ಬಿಟ್ಟು ನಿಂತು ನೋಡಿದರು. ಸಂಜೆಯ ಹೊತ್ತಿಗೆ ಆಕೆಯ ಗಂಟಲು ಒಡೆದಿತ್ತು, ಹೊಲ ಮುಗಿದಿತ್ತು.

"ಬೆಳಿ ಏಳ್ಲಿ, ಆಮ್ಯಾಲ ಗಾಡಿ ಮಾತು" ಎಂದರು ಮಾವ. ಆ ವಾರ ಮನೆಯಲ್ಲಿ ಯಾರಿಗೂ ರೊಟ್ಟಿ ರುಚಿಸಲಿಲ್ಲ. ನೆಗೆಣ್ಣಿ ಮಾತ್ರ ಬೀಸುತ್ತಲೇ ಇದ್ದಳು. "ಕಂಬಕ್ಕ ಕಟ್ಟಿದ್ರೂ ಬಾಯಿ ಕಟ್ಟಾಕ ಬರಂಗಿಲ್ಲ ತಂಗಿ" ಎಂದಳು. ಹಾಗೆಂದವಳು ಬೀಸಿದ ಹಿಟ್ಟನ್ನೇ ಮತ್ತೆ ಕಲ್ಲಿಗೆ ಸುರಿದಳು.

ಮೊಳಕೆ ಎದ್ದ ಸುದ್ದಿ ತಂದವರು ಭಾವ. ಎಲ್ಲರೂ ಹೊಲಕ್ಕೆ ಓಡಿದೆವು. ಬದುವಿನ ಪಕ್ಕದ ಸಾಲುಗಳು, ಆಕೆ ಬಾಯಿ ಕಟ್ಟಿ ಬಿತ್ತಿದವು, ಮುದುಕರ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು. ಅಲ್ಲಿಂದಾಚೆ ಇಡೀ ಹೊಲ ಹಸಿರು ನೂಲು ಹಿಡಿದು ಗೆರೆ ಎಳೆದಂತೆ! ಎಲ್ಲಿಯೂ ದಟ್ಟಣೆಯಿಲ್ಲ, ಎಲ್ಲಿಯೂ ತೆರವಿಲ್ಲ. ಹಾಡು ಶುರುವಾದ ಜಾಗವನ್ನು ಬೆರಳಿಟ್ಟು ತೋರಿಸಬಹುದಿತ್ತು. ಮಾವ ಸಾಲಿನುದ್ದಕ್ಕೂ ನಡೆದು ಹೋದರು, ನಡೆದು ಬಂದರು. ರುಮಾಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡರು. ಗಾಡಿಯ ಮಾತು ಮತ್ತೆ ಎತ್ತಲಿಲ್ಲ. ಅತ್ತೆ ಮಾತ್ರ ಊರಿಗೆಲ್ಲ ಕೇಳುವಂತೆ, "ನನ್ನ ಕೈಯಾಗೂ ಹಿಂಗ ಎದ್ದಿದ್ದಿಲ್ಲ ಬಿಡ್ರಿ!" ಎಂದರು.

ಮರುವರ್ಷ ಮಾವ ತಾವಾಗಿಯೇ ಬೀಜದ ಬುಟ್ಟಿ ತಂದು ಆಕೆಯ ಮುಂದಿಟ್ಟರು. ಆಕೆ ಒಂದು ಗಳಿಗೆ ಕಿವಿಗೊಟ್ಟು ನಿಂತಳು. ಮಾವ ಗಾಬರಿಯಾದರು. "ಏನಂತಾವ ಬೇ?"

"ಒಲ್ಲೆ ಅನ್ನ ಅಂತಾವ್ರಿ ಮಾವಾ. ಆದ್ರ ನಾ ಎಂದ ಅವುಗಳ ಮಾತ ಕೇಳೇನ್ರಿ? ಕೂರಗಿ ಹೂಡ್ರಿ."

ದನಿಗಳು ಆಕೆಯನ್ನು ಸಾಯುವವರೆಗೂ ಬಿಡಲಿಲ್ಲ. ಆಕೆಯೂ ಹಾಡು ಬಿಡಲಿಲ್ಲ. ಗೋಡೆಗೆ ಮುಖ ಮಾಡಿದ ದಿನಗಳಲ್ಲಿ ನಾನು ಪಕ್ಕಕ್ಕೆ ಕೂತು ಗುನುಗುತ್ತಿದ್ದೆ, ಸ್ವಲ್ಪ ಹೊತ್ತಿಗೆ ಆಕೆ ಸೇರಿಕೊಳ್ಳುತ್ತಿದ್ದಳು. ನನಗಿರುವ ನೂರಾರು ಹಾಡುಗಳು ಹಾಗೆ ಬಂದವು. ಮಕ್ಕಳನ್ನು ಹೆತ್ತಳು, ಬೆಳೆಸಿದಳು, ಮೊಮ್ಮಕ್ಕಳ ತೊಟ್ಟಿಲು ತೂಗಿ ತನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು.

ಆಕೆ ಹಾಡಿ ಬಿತ್ತಿದ ಆ ದಿನದಿಂದ ಕೆಲವು ವರ್ಷಗಳಾದ ಮೇಲೆ, ನಮ್ಮ ಬಾಗಿಲ ಮುಂದೆ ಒಂದು ಗಾಡಿ ನಿಂತಿತು. ಒಳಗೆ ಒಬ್ಬ ಹುಡುಗಿ, ಕಿವಿ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ. ನದಿಯಾಚೆಯ ಆ ಕಂಬದ ಊರಿಗೆ ಹೊರಟವರು, ಕುಡಿಯಲು ನೀರು ಕೇಳಿದರು. ನೆಗೆಣ್ಣಿ ನೀರು ತರಲು ಒಳಗೆ ಹೋದಳು. ಕಟ್ಟೆಯ ಮೇಲಿದ್ದ ಮಾವ ಎದ್ದರು, ಯಾರನ್ನೂ ಕೇಳದೆ ಗಾಡಿಯ ಮುಂದೆ ಹೋಗಿ ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೊಗ ಇಳಿಸಿದರು.