ಹಸೆಮಣೆಯ ಗೀರುಗಳು

ನನ್ನ ಅತ್ತಿಗೆಯ ಮೇಲೆ ನನಗೆ ಸಿಟ್ಟಿದೆ. ಎದುರಿಗೆ ‘ನೀವು’ ಎನ್ನುತ್ತೇನೆ, ಇಲ್ಲಿ ‘ಅವಳು’ ಎಂದೇ ಬರೆಯುತ್ತೇನೆ. ಅಷ್ಟಾದರೂ ಸ್ವಾತಂತ್ರ್ಯ ಬೇಡವೇ?

ಅಮ್ಮನಿಂದ ನನಗೆ ಬಂದದ್ದು ಒಂದು ಹಸೆಮಣೆ. ಮನೆ ಅಣ್ಣನಿಗೆ ಹೋಯಿತು, ಅದರಲ್ಲಿ ನನ್ನ ತಕರಾರಿಲ್ಲ. ಮಣೆ ಮಾತ್ರ ಮಗಳಿಗೆ ಎಂದು ಅಮ್ಮ ಎಲ್ಲರೆದುರು ಹೇಳಿದ್ದಳು. ಹಲಸಿನ ಮರದ್ದು, ಮದುಮಕ್ಕಳಿಬ್ಬರೂ ಕೂರುವಷ್ಟು ಉದ್ದ, ಮೂಲೆಗಳಲ್ಲಿ ಹಿತ್ತಾಳೆಯ ಹೂವು. ಅಮ್ಮ ಮದುವೆಯಾದದ್ದು ಅದರ ಮೇಲೆ, ನಾನೂ ಅದರ ಮೇಲೆ. ನಮ್ಮ ಕಡೆ ಇಂಥ ಮಣೆ ಯಾರ ಮನೆಯಲ್ಲಿದೆಯೋ ಅಲ್ಲಿಂದ ನೆಂಟರೆಲ್ಲ ಮದುವೆಗೆ ಕೇಳಿ ಒಯ್ಯುತ್ತಾರೆ. ಕೊಡುವುದಿಲ್ಲ ಎನ್ನುವ ಹಾಗಿಲ್ಲ.

ಅತ್ತಿಗೆ ಅಡೂರಿನಿಂದ ಬಂದು ಅದನ್ನು ಒಯ್ದದ್ದು ತನ್ನ ದೊಡ್ಡ ಮಗನ ಮದುವೆಗೆ. ಅಣ್ಣನ ಮಗನ ಮದುವೆಯಲ್ಲವೇ, ಹುಡುಗಿ ಕಡೆಯವರೆದುರು ಮಣೆ ಹೊಳೆಯಲಿ ಎಂದು ನಾನು ತೆಂಗಿನೆಣ್ಣೆ ಹಾಕಿ ಕೈ ಸೋಲುವವರೆಗೆ ತಿಕ್ಕಿ, ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟೆ. ಅವಳು ಅದನ್ನು ವಾಪಸು ತಂದಿಟ್ಟು ಹೋದದ್ದು ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ. ಸೀರೆ ಬಿಚ್ಚಿದರೆ ಮಣೆಯ ನಡುವೆ ಬೆಕ್ಕು ಪರಚಿದ ಹಾಗೆ ಗೀರುಗಳು, ಎಲ್ಲವೂ ಒಂದೇ ಕಡೆಗೆ ಓರೆ. ನನ್ನ ಮೈಯೆಲ್ಲ ಉರಿದುಹೋಯಿತು. ನಿಂತಲ್ಲಿಂದಲೇ ಫೋನು ಮಾಡಿದೆ.

“ಅತ್ತಿಗೇ, ಮಣೆಗೆ ಎಂತ ಆದದ್ದು?”

“ಎಂತ ಆಗಿದೆ ಅದಕ್ಕೆ?”

“ನಡುವೆ ಇಡೀ ಗೀರು ಉಂಟಲ್ಲ.”

“ಅದು ಮೊದಲೇ ಇತ್ತು ಮಾರಾಯ್ತಿ. ಹಳೇ ಮಣೆ ಅಲ್ವಾ?”

ಮೊದಲೇ ಇತ್ತಂತೆ! ಎಣ್ಣೆ ತಿಕ್ಕುವಾಗ ಆ ಮಣೆಯ ಪ್ರತಿಯೊಂದು ಎಳೆಯ ಮೇಲೂ ನನ್ನ ಬೆರಳು ಓಡಾಡಿತ್ತು. ನನಗೆ ಹೊಸ ಮಣೆ ಬೇಕಿರಲಿಲ್ಲ. ‘ಹೌದು, ನನ್ನಿಂದ ಆಯಿತು’ ಎಂಬ ಒಂದು ಮಾತು ಅವಳ ಬಾಯಿಂದ ಬರಬೇಕಿತ್ತು, ಅಷ್ಟೇ. ಅದನ್ನು ಹೇಳಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಾಗಲೆಲ್ಲ ಆ ವಿಷಯ ತೆಗೆದೆ. ಅವಳು ತಕ್ಷಣ ಪಾಯಸ ಬಡಿಸುವವರನ್ನು ಕರೆಯುತ್ತಿದ್ದಳು.

ಹೀಗಿರುವಾಗ ನನ್ನ ಮಗಳ ಮದುವೆ ನಿಶ್ಚಯವಾಯಿತು. ಗೀರು ಬಿದ್ದ ಮಣೆಯಲ್ಲಿ ಮದುಮಗಳನ್ನು ಕೂರಿಸಿದರೆ ಹಿರಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಅಪಶಕುನ ಎಂದು ಪಿಸುಗುಡುವುದಕ್ಕೆ ಅವರಿಗೆ ಅಷ್ಟು ಸಾಕು. ಗೀರು ತೆಗೆಯಲೇಬೇಕಿತ್ತು. ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದರು: “ತೆಗೆದ್ರೆ ನಿನ್ನ ಸಾಕ್ಷಿ ಹೋಯ್ತಲ್ಲ! ಮತ್ತೆ ಎಂತ ತೋರಿಸಿ ಜಗಳ ಮಾಡ್ತಿ?”

ಅವರಿಗೆ ತಮಾಷೆ. ಆದರೆ ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮಗಳ ಮಣೆ ಚೆನ್ನಾಗಿರಬೇಕಾದರೆ ಅತ್ತಿಗೆಯ ತಪ್ಪಿನ ಗುರುತನ್ನು ನಾನೇ ಕೈಯಾರೆ ಅಳಿಸಿಕೊಡಬೇಕು.

ನಾಯ್ಮಾರ್ಮೂಲೆಯ ಹಾರ್ಡ್‌ವೇರ್ ಅಂಗಡಿಯವನು ವಾರ್ನಿಷ್ ಡಬ್ಬಿ ಮುಂದೆ ಮಾಡಿದ. ಅಮ್ಮನ ಮಣೆಯನ್ನು ಹೋಟೆಲಿನ ಮೇಜು ಮಾಡುವುದಕ್ಕೆ ನಾನು ತಯಾರಿರಲಿಲ್ಲ. ಉಪ್ಪುಕಾಗದ ಮಾತ್ರ ತಂದೆ, ಸ್ವಲ್ಪ ಒರಟಿನದು, ಸ್ವಲ್ಪ ನಯದ್ದು. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಮರದ ಎಳೆ ಹೋದ ಕಡೆಗೇ ತಿಕ್ಕಿದೆ. ಅಡ್ಡ ತಿಕ್ಕಿದರೆ ಗೀರಿನ ಮೇಲೆ ಗೀರು. ಒಂದೊಂದು ಸಲ ಕೈ ಎಳೆಯುವಾಗಲೂ ಅತ್ತಿಗೆಗೆ ಒಂದೊಂದು ಮಾತು ಬೈದೆ. ಬೈಗುಳ ಮುಗಿದರೂ ಗೀರು ಮುಗಿಯಲಿಲ್ಲ, ಮೊದಲಿನಿಂದ ಶುರುಮಾಡಿದೆ. ಆಳದ ಗೀರುಗಳಿಗೆ ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ. ತಿಕ್ಕಿದ ಜಾಗ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿ ಎದ್ದು ಕಂಡಾಗ ಅಳು ಬಂತು. ಕಡು ಚಾ ಕುದಿಸಿ, ಬಟ್ಟೆಯಲ್ಲಿ ಅದ್ದಿ ಮತ್ತೆ ಮತ್ತೆ ಒರೆಸಿ ಬಣ್ಣ ಕೂಡಿಸಿದೆ. ಕೊನೆಗೆ ಜೇನುಮೇಣ ಕರಗಿಸಿ ಹಚ್ಚಿ, ಗಂಡನ ಹಳೆಯ ಬನಿಯನ್ನಿನಿಂದ ಉಜ್ಜಿದೆ. ಗೀರು ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೊಟ್ಟೆ ಉರಿಯಿತು.

ಮದುವೆ ಎಡನೀರಿನ ಹತ್ತಿರದ ಒಂದು ಹಾಲ್‌ನಲ್ಲಿ. ಅತ್ತಿಗೆ ಬಂದವಳೇ ಮಣೆಯ ಮೇಲೆ ಅಂಗೈ ಎಳೆದು, ಸುತ್ತ ಇದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದಳು: “ಎಲ್ಲಿ ಉಂಟು ಗೀರು? ಇವಳು ಸುಮ್ಮನೆ ನನ್ನ ಮೇಲೆ ಹಾಕಿದ್ದು!”

ಅವಳನ್ನು ಆಚೆ ಕಳಿಸುವ ಹಾಗಿರಲಿಲ್ಲ. ಹಸೆಮಣೆಯ ಮೇಲೆ ರಂಗೋಲಿ ಬರೆಯುವುದು ಮಗನ ಮದುವೆಯಲ್ಲಿ ತಾಯಿ, ಮಗಳ ಮದುವೆಯಲ್ಲಿ ಸೋದರತ್ತೆ, ಅದು ನಮ್ಮಲ್ಲಿ ಕ್ರಮ. ಅವಳು ಅಕ್ಕಿಹಿಟ್ಟು ನೀರಲ್ಲಿ ಕಲಸಿ, ಬೆರಳಿನಿಂದ ಮೊದಲ ಗೆರೆ ಎಳೆದಳು. ಗೆರೆ ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಜಾರಿತು. ಒರೆಸಿ ಇನ್ನೊಂದು ಗೆರೆ ಎಳೆದಳು, ಅದೂ ಹಾಗೆಯೇ. ನಾನು ಮುತುವರ್ಜಿಯಿಂದ ಉಜ್ಜಿದ ಮೇಣ ಹಿಟ್ಟನ್ನು ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಮುಹೂರ್ತ ಹತ್ತಿರವಾಗಿತ್ತು. ಭಟ್ಟರು ಗಡಿಯಾರ ನೋಡುತ್ತಿದ್ದರು.

“ಇದಕ್ಕೆ ಎಂತ ಮೆತ್ತಿದ್ದಿ ನೀನು?” ಎನ್ನುತ್ತಾ ಅತ್ತಿಗೆ ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಸ್ಟೀಲಿನ ನಾರು ತರಿಸಿದಳು. ನಾನು ಬೇಡ ಎನ್ನುವಷ್ಟರಲ್ಲಿ ಎಡಗೈಯಲ್ಲಿ ಹಿಡಿದು ಜೋರಾಗಿ ತಿಕ್ಕಲು ಶುರುಮಾಡಿದ್ದಳು. ಅವಳು ಎಡಚಿ. ಗೀರುಗಳು ಮತ್ತೆ ಮೂಡಿದವು, ಅದೇ ಜಾಗದಲ್ಲಿ, ಅದೇ ಕಡೆಗೆ ಓರೆಯಾಗಿ.

“ನಿಂದು ಯಾವಾಗಲೂ ಇದೇ,” ಅವಳು ಏದುಸಿರು ಬಿಡುತ್ತಾ ಗೊಣಗಿದಳು. “ಅವತ್ತೂ ಎಣ್ಣೆ ಸುರಿದು ಕಳಿಸಿದ್ದಿ. ಹಿಟ್ಟು ಹಿಡಿಯದೆ ಹೀಗೇ ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದುಹೋಗಿತ್ತು.”

ಬಂತು ಮಾತು. ಇಷ್ಟು ಕಾಲ ನಾನು ಕಾದದ್ದು ಇದಕ್ಕೇ. ಅವಳಿಗೆ ತಾನು ಏನು ಹೇಳಿದೆ ಎಂಬ ಪರಿವೆಯೇ ಇಲ್ಲ. ಸುತ್ತಲಿನ ಹೆಂಗಸರು ಬಾಗಿಲ ಕಡೆ ತಿರುಗಿದ್ದರು, ಯಾರೂ ಕೇಳಿಸಿಕೊಳ್ಳಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ನನ್ನ ಮಗಳ ಕೈ ಹಿಡಿದು ಕರೆದುಕೊಂಡು ಬಂದ. ಓಲಗ ಶುರುವಾಯಿತು. ನಾನು ಬಾಯಿ ಮುಚ್ಚಿದೆ.

ರಂಗೋಲಿ ಚೆನ್ನಾಗಿ ಕೂತಿತು. ಹಾಳಾದವಳ ಕೈಯಲ್ಲಿ ಕಲೆ ಇದೆ. ಮಗಳು ಅದರ ಮೇಲೆ ಕೂತಾಗ ಒಂದು ಗೀರೂ ಯಾರ ಕಣ್ಣಿಗೂ ಬೀಳಲಿಲ್ಲ.

“ಎಣ್ಣೆ ಹಾಕಿದ್ದು ನೀನೇ ಅಲ್ವಾ?” ಎಂದು ಆಮೇಲೆ ನಡೆದದ್ದನ್ನೆಲ್ಲ ಹೇಳಿದಾಗ ಗಂಡ ಕೇಳಿದರು. ಹಾಕಿದ್ದು ನಾನೇ. ತಿಕ್ಕಿದೆ ಎಂದು ಅವಳು ಅವತ್ತೇ ಹೇಳಿದ್ದರೆ ಒಂದು ದಿನ ಮುಖ ಊದಿಸಿಕೊಂಡು ಮರೆತುಬಿಡುತ್ತಿದ್ದೆ. ಎಣ್ಣೆ ಹಾಕುವುದೂ ಸುಳ್ಳು ಹೇಳುವುದೂ ಒಂದೇ ಏನು?

ಮಣೆಯನ್ನು ನಾನು ಮತ್ತೆ ಮುಟ್ಟಲಿಲ್ಲ. ಉಳಿದ ಉಪ್ಪುಕಾಗದ ಹಾಗೆಯೇ ಇದೆ. ಮೊನ್ನೆ ಅತ್ತಿಗೆಯ ಫೋನು ಬಂತು. ಚಿಕ್ಕ ಮಗನಿಗೂ ಹುಡುಗಿ ಗೊತ್ತಾಗಿದ್ದಾಳೆ, ಮಣೆ ಬೇಕು.

“ಕೊಂಡುಹೋಗಿ,” ಎಂದೆ.

“ಅದರಲ್ಲಿ ಸ್ವಲ್ಪ ಗೀರು ಉಂಟಲ್ಲ ಮಾರಾಯ್ತಿ. ನಿನಗೆ ಗೊತ್ತುಂಟಲ್ಲ ತೆಗೀಲಿಕ್ಕೆ. ತೆಗೆದು ಕೊಡ್ತೀಯಾ?”

ಎಷ್ಟು ನಿಧಾನವಾಗಿ ಹೇಳಲು ಸಾಧ್ಯವೋ ಅಷ್ಟು ನಿಧಾನವಾಗಿ ಹೇಳಿದೆ.

“ಅದು ಮೊದಲೇ ಇತ್ತು, ಅತ್ತಿಗೇ.”