ಬಿಚ್ಚಲಾಗದಂತೆ ಹೊಲಿಸಿದ ವೆಸ್ಟ್

ಕಳೆದ ವರ್ಷ ಸಂಕ್ರಾಂತಿ ಕಳೆದು ಎರಡನೇ ಭಾನುವಾರ, ಬೆಳಗ್ಗೆ ಹತ್ತೂವರೆ ಇರಬಹುದು. ಟೇಕಲ್ ಹತ್ತಿರದ ಒಂದು ನೀಲಗಿರಿ ತೋಪಿನಲ್ಲಿ ಈ ಘಟನೆ ನಡೆಯಿತು. ಆದರೆ ಅದಕ್ಕೂ ಮೊದಲು ನಾನು ಮಾಡಿದ ದಡ್ಡತನವನ್ನು ಹೇಳಬೇಕು.

ನಾನು ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನನ್ನ ಹೆಂಡತಿ ಶೋಭಾಳ ತಮ್ಮ ಮಂಜು ಲಕ್ಕೂರು ಕಡೆಯ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್. ನನಗೆ ಏರ್‌ಸಾಫ್ಟ್ ಹುಚ್ಚು ಹಿಡಿಸಿದವನು ಅವನೇ. ನಿಜವಾದ ಬಂದೂಕಿನ ಹಾಗೇ ಕಾಣುವ ಆಟದ ಬಂದೂಕು, ಅದರಿಂದ ಹಾರುವ ಪುಟ್ಟ ಪ್ಲಾಸ್ಟಿಕ್ ಗುಂಡು, ಕಣ್ಣಿಗೆ ದಪ್ಪ ಕನ್ನಡಕ, ಎರಡು ಗುಂಪು. ಗುಂಡು ತಗುಲಿದವನು ಕೈ ಎತ್ತಿ ಆಚೆ ಬರಬೇಕು, ಅಷ್ಟೇ ಆಟ. "ಈ ವಯಸ್ಸಿಗೆ ಕಳ್ಳ ಪೊಲೀಸ್ ಆಟ ಬೇಕಿತ್ತೇನ್ರೀ ನಿಮಗೆ?" ಎಂದು ಶೋಭಾ ನಗುತ್ತಿದ್ದಳು. ನಗಲಿ ಬಿಡಿ, ವಾರವೆಲ್ಲ ರ‍್ಯಾಕುಗಳ ನಡುವೆ ತಿರುಗುವವನಿಗೆ ಮರಗಳ ನಡುವೆ ಓಡುವುದೇ ಒಂದು ಸುಖ.

ಗುಂಡಿನ ಡಬ್ಬಿ, ನೀರಿನ ಬಾಟಲಿ, ವಾಕಿಟಾಕಿ ಎಲ್ಲ ಇಟ್ಟುಕೊಳ್ಳಲು ಎದೆಗೊಂದು ವೆಸ್ಟ್ ಬೇಕಾಗುತ್ತದೆ. ಆರಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಬೆಲ್ಟು, ಬಕಲ್ಲು, ಪಟ್ಟಿಗಳನ್ನು ದಿನಾ ನೋಡುವವನು ನಾನು, ನನಗಿಂತ ಯಾರಿಗೆ ಗೊತ್ತು ಎಂಬ ಜಂಬ. ಮಂಜು ಫೋನಿನಲ್ಲಿ ತೆಳ್ಳನೆಯದೊಂದನ್ನು ತೋರಿಸಿದ. ಎದೆಯ ಮುಂದೆ ನಾಲ್ಕು ಜೇಬು, ಬೆನ್ನಿಗೆ ಬರೀ ಎರಡು ಪಟ್ಟಿ.

"ಭಾವ, ಇದು ಸಾಕು. ಹಗುರಾಗಿರುತ್ತೆ."

"ಥೂ, ಕಂಡಕ್ಟರ್ ಬ್ಯಾಗ್ ಇದ್ದಂಗಿದೆ ಕಣೋ!" ಎಂದು ನಾನು ತಳ್ಳಿಹಾಕಿದೆ. ನಾನು ತರಿಸಿದ್ದು ಮುಂದೆಯೂ ಹಿಂದೆಯೂ ದಪ್ಪ ಸ್ಪಂಜು ತುಂಬಿದ, ಹನ್ನೊಂದು ಜೇಬಿನ ಭಾರಿ ವೆಸ್ಟ್. ಇಬ್ಬರಿಗೂ ಒಂದೊಂದು. ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ನನ್ನ ಹೊಟ್ಟೆಯೂ ಕಾಣಿಸಲಿಲ್ಲ, ಖುಷಿಯಾಯಿತು.

ಮೊದಲ ಆಟದಲ್ಲೇ ಮರ್ಯಾದೆ ಹೋಯಿತು. ವೆಸ್ಟಿನ ಎದೆಯ ಮೇಲೆ ಕೆಂಪು ಹಗ್ಗದ ಒಂದು ಕುಣಿಕೆ ಇತ್ತು. ಮಂಜು ಲಂಟಾನ ಪೊದೆಯಲ್ಲಿ ತೆವಳುವಾಗ ಅದು ಕೊಂಬೆಗೆ ಸಿಕ್ಕಿ ಎಳೆದುಕೊಂಡು, ಇಡೀ ವೆಸ್ಟ್ ಎರಡು ಹೋಳಾಗಿ ಕಳಚಿ ಬಿತ್ತು. ಎದುರು ಗುಂಪಿನವರು ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಾರನೇ ದಿನವೇ ಎರಡೂ ವೆಸ್ಟ್ ಎತ್ತಿಕೊಂಡು, ಮಾಲೂರು ಬಸ್ ನಿಲ್ದಾಣದ ಹಿಂದೆ ಸ್ಕೂಲ್ ಬ್ಯಾಗ್ ಹೊಲಿಯುವ ಜಬ್ಬಾರ್ ಸಾಬರ ಅಂಗಡಿಗೆ ಹೋದೆ.

ಅವರು ಹಗ್ಗವನ್ನು ಎಳೆದು, ಮತ್ತೆ ಕೂಡಿಸಿ, ಇನ್ನೊಮ್ಮೆ ಎಳೆದು ನೋಡಿದರು. "ಸಾರ್, ಇದು ಸುಮ್ನೆ ಇಟ್ಟಿಲ್ಲ. ಅರ್ಜೆಂಟಲ್ಲಿ ಎಳುದ್ರೆ ಎಲ್ಲಾ ಒಂದೇ ಸಲ ಬಿಚ್ಕೊಬೇಕು ಅಂತ ಮಾಡಿರೋದು. ಹೊಲಿಸ್ಬೇಡಿ."

"ಸಾಬ್ರೇ, ನಾವು ತಂದಿರೋದು ಕಟ್ಕೊಳ್ಳೋಕೆ, ಬಿಚ್ಚೋಕಲ್ಲ. ಹಗ್ಗ ಕಿತ್ತಾಕಿ, ಭುಜಕ್ಕೂ ಸೊಂಟಕ್ಕೂ ಡಬಲ್ ಹೊಲಿಗೆ ಹಾಕಿ. ಬನೀನ್ ತರ ತಲೆ ಮೇಲಿಂದ ಹಾಕ್ಕೊಂತೀವಿ."

"ನಿಮ್ಮಿಷ್ಟ ಸಾರ್," ಎಂದು ನೈಲಾನ್ ದಾರದಲ್ಲಿ ಹೊಲಿದುಕೊಟ್ಟರು. ಅವರ ಕೈಯ ಹೊಲಿಗೆ ಎಂದರೆ, ಬ್ಯಾಗ್ ಹರಿದರೂ ಹೊಲಿಗೆ ಬಿಡುವುದಿಲ್ಲ.

ಆ ಭಾನುವಾರ ನಾನೂ ಮಂಜುವೂ ಬೇರೆ ಬೇರೆ ಗುಂಪಿನಲ್ಲಿದ್ದೆವು. ನಾನು ಒಂದು ದಿಬ್ಬದ ಹಿಂದೆ ಅವಿತು ಕುಳಿತಿದ್ದೆ. ತೋಪಿನ ಅಂಚಿನಿಂದ "ಭಾವಾ!" ಎಂಬ ಮಂಜುವಿನ ಕೂಗು ಕೇಳಿಸಿತು. ನನ್ನನ್ನು ಆಚೆ ಎಳೆಯಲು ನಾಟಕ ಆಡುತ್ತಿದ್ದಾನೆ ಕಳ್ಳ, ಎಂದುಕೊಂಡು ಒಳಗೊಳಗೇ ನಕ್ಕೆ. ಇನ್ನೊಮ್ಮೆ ಕೂಗಿದ. ಆಗಲೂ ಏಳಲಿಲ್ಲ. ಆಮೇಲೆ ಕೇಳಿದ್ದು ಒಬ್ಬ ಹೆಂಗಸಿನ ದನಿ. "ಅಯ್ಯೋ ದೇವುಡಾ! ನೀರಿಗೆ ಬಿದ್ದವ್ನೆ, ಯಾರಾದ್ರೂ ಬನ್ರೋ!"

ತೋಪಿಗೆ ಅಂಟಿಕೊಂಡೇ ಒಂದು ಟೊಮೆಟೊ ತೋಟ, ಅದರ ಮೂಲೆಯಲ್ಲಿ ಕೃಷಿ ಹೊಂಡ. ನೀರು ಇಂಗದಿರಲಿ ಎಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಜಾರಿದರೆ ಮತ್ತೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ತಂತಿ ಬೇಲಿ ಒಂದು ಕಡೆ ಮಲಗಿತ್ತು. ಏರಿಯ ಮರೆಯಲ್ಲಿ ಅಡಗಲು ಹೋದ ಮಂಜು ಅಲ್ಲಿಂದಲೇ ಜಾರಿದ್ದ.

ಅವನಿಗೆ ಈಜು ಬರುತ್ತದೆ. ಆದರೆ ಸ್ಪಂಜು ನೀರು ಕುಡಿದು, ಹನ್ನೊಂದು ಜೇಬೂ ತುಂಬಿ, ವೆಸ್ಟ್ ಅವನನ್ನು ಕೆಳಕ್ಕೆ ಎಳೆಯುತ್ತಿತ್ತು. ಅದನ್ನು ತೆಗೆಯಲು ಎರಡೂ ಕೈ ಎತ್ತಿದರೆ ಮುಳುಗುತ್ತಿದ್ದ. ಒಂದು ಕೈ ಎದೆಯ ಮೇಲೆ, ಕೆಂಪು ಹಗ್ಗವಿದ್ದ ಜಾಗದಲ್ಲಿ ತಡಕಾಡುತ್ತಿತ್ತು. ಅದನ್ನು ನೋಡಿ, ನನಗೆ ಈಜು ಬರುವುದಿಲ್ಲ ಎಂಬುದೂ ಮರೆತು ಹಾರಲು ಹೋದೆ.

"ಏಯ್, ದೂಕೊದ್ದು, ಹಾರ್ಬೇಡ! ನೀನೂ ಬಿದ್ರೆ ಇಬ್ರುನ್ನೂ ಯಾರಪ್ಪಾ ತೆಗೆಯೋದು?" ಕೂಗಿ ಕರೆದ ಆ ಹೆಂಗಸೇ ನನ್ನ ವೆಸ್ಟಿನ ಹಿಂಬದಿ ಹಿಡಿದು ಹಿಂದಕ್ಕೆ ಎಳೆದರು. ಟೊಮೆಟೊ ಗಿಡ ಕಟ್ಟಲು ಕೂಲಿಗೆ ಬಂದಿದ್ದ ಮುನಿರತ್ನಮ್ಮ; ಹೆಸರು ಆಮೇಲೆ ಗೊತ್ತಾಯಿತು. ಐವತ್ತು ದಾಟಿದ ಬಡಕಲು ಜೀವ. ತೋಟದ ಡ್ರಿಪ್ ಪೈಪನ್ನು ಕಿತ್ತು, ಎರಡು ಮಡಿಕೆ ಮಾಡಿ ಎಸೆದರು. "ಕೈಗೆ ಸುತ್ಕೋ ನಾಯನಾ, ಗಟ್ಟಿಗೆ ಸುತ್ಕೋ!"

ಅಷ್ಟರಲ್ಲಿ ಗೆಳೆಯರಿಬ್ಬರು ಓಡಿಬಂದರು. ಮೂವರೂ ಎಳೆದೆವು. ಮಂಜು ಅಂಚಿನವರೆಗೆ ಬಂದ, ಆದರೆ ವೆಸ್ಟಿನ ಭಾರಕ್ಕೆ ಮತ್ತೆ ಜಾರಿಹೋದ. ಎರಡನೇ ಸಲವೂ ಹಾಗೇ ಆಯಿತು. ಅವನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮುನಿರತ್ನಮ್ಮ ಸೊಂಟದ ಕುಡುಗೋಲು ತೆಗೆದು ಏರಿಯ ಮೇಲೆ ಬೋರಲು ಮಲಗಿದರು. "ನನ್ ಕಾಲ್ ಹಿಡ್ಕೊಳಪ್ಪಾ, ಬಿಟ್ಟೀಯ!" ನಾನು ಕಾಲು ಹಿಡಿದೆ. ಅವರು ತಲೆ ಕೆಳಗಾಗಿ ಹಾಳೆಯ ಮೇಲೆ ಜಾರಿ, ಮಂಜುವಿನ ಭುಜದ ಹೊಲಿಗೆಗೆ ಕುಡುಗೋಲು ಹಾಕಿದರು. ಅದು ಬಿಡಲಿಲ್ಲ. ಕೊಯ್ದರು, ಮತ್ತೆ ಕೊಯ್ದರು. ಡಬಲ್ ಹಾಕಿ ಎಂದು ನಿಂತು ಹೊಲಿಸಿದವನು ನಾನೇ. ಆ ಒಂದು ನಿಮಿಷದಲ್ಲಿ ನನ್ನನ್ನು ನಾನು ಬೈದುಕೊಂಡಷ್ಟು ಜನ್ಮದಲ್ಲಿ ಬೈದುಕೊಂಡಿಲ್ಲ. ಕೊನೆಗೆ ಎರಡೂ ಭುಜದ ಹೊಲಿಗೆ ಬಿಟ್ಟಿತು. ವೆಸ್ಟ್ ಸೊಂಟದಿಂದ ಜಾರಿ ಮುಳುಗಿತು, ಮಂಜು ಮೇಲೆ ಬಂದ.

ಮಂಜು ನೀರು ಕಕ್ಕಿ ಸುಧಾರಿಸಿಕೊಳ್ಳುವಾಗ ಮುನಿರತ್ನಮ್ಮ ಸೆರಗಿನಲ್ಲಿ ಅವನ ತಲೆ ಒರೆಸಿದರು. ಆಮೇಲೆ ನನ್ನ ಮೈಮೇಲಿದ್ದ ವೆಸ್ಟನ್ನು ಎಳೆದು ನೋಡಿ, "ಬಿಚ್ಚೋಕೆ ದಾರಿನೇ ಮಡಗಿಲ್ವಲ್ಲ! ಯಾವನು ಮಾಡ್ದೋನು ಇದನ್ನ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಂಜು ಕೆಮ್ಮುತ್ತಾ, "ಬರುವಾಗ್ಲೇ ಹಂಗಿತ್ತು ಕಣಮ್ಮಾ," ಎಂದ. ನನ್ನ ಕಡೆ ನೋಡಲಿಲ್ಲ. ನಾನು ಆ ತಾಯಿಗೆ ಕೈ ಮುಗಿದೆ. "ಹೋಗ್ರಯ್ಯ, ಮೊದ್ಲು ಆಸ್ಪತ್ರೆಗೆ ತೋರ್ಸಿ," ಎಂದು ಗದರಿ ಅವರು ಮತ್ತೆ ಗಿಡ ಕಟ್ಟಲು ಹೋದರು.

ಮನೆಯಲ್ಲೂ ಮಂಜು ಅಕ್ಕನಿಗೆ ಕಾಲು ಜಾರಿತು ಎಂದಷ್ಟೇ ಹೇಳಿದ. ನನಗೆ ವಾರವೆಲ್ಲ ಅನ್ನ ಸೇರಲಿಲ್ಲ. ಕೊನೆಗೆ ಹಗ್ಗ ಕೀಳಿಸಿದ್ದು, ಸಾಬರು ಬೇಡ ಎಂದರೂ ಹೊಲಿಸಿದ್ದು ಎಲ್ಲವನ್ನೂ ಶೋಭಾಗೆ ಹೇಳಿದೆ. "ನಿಮ್ ಜಂಬಕ್ಕಿಷ್ಟು ಬೆಂಕಿ ಹಾಕ!" ಎಂದು ಬೈದಳು, ಅತ್ತಳು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಅವನು ಕೂಗಿದ ತಕ್ಷಣ ಓಡಿಹೋದ್ರಲ್ಲಾ, ಅಷ್ಟು ಸಾಕು ಬಿಡಿ," ಎಂದಳು.

ನಾನು ಹೂಂ ಎಂದೆ.

ಮಂಜು ಈಗಲೂ ಆಡುತ್ತಾನೆ. ಅವನೇ ಆರಿಸಿದ ತೆಳ್ಳನೆಯ ವೆಸ್ಟ್ ಹಾಕುತ್ತಾನೆ, ಹೊರಡುವ ಮೊದಲು ಎರಡು ಸಲ ಕಳಚಿ ನೋಡುತ್ತಾನೆ. ನನ್ನ ಮೇಲೆ ಅವನಿಗೆ ಒಂದಿಷ್ಟೂ ಕೋಪವಿಲ್ಲ. ಅದೇ ನನಗೆ ಕಷ್ಟ. ಈ ಪತ್ರಿಕೆಯನ್ನು ನಮ್ಮ ಮನೆಯಲ್ಲಿ ಮೊದಲು ಓದುವವಳು ಶೋಭಾ. ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ ಕಣೇ, ಅದಕ್ಕೇ ಬರೆದಿದ್ದೇನೆ. ಅವನು ಎರಡು ಸಲ ಭಾವಾ ಎಂದು ಕೂಗಿದ. ಎರಡು ಸಲವೂ ನನಗೆ ಕೇಳಿಸಿತ್ತು.